ಹೊಗೆ ಕೊಟ್ಟ ತಂಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಲ್ಕು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲುಗಳ ಮೇಲೆ ರಬ್ಬರ್ ಚಪ್ಪಲಿಯ ಸದ್ದು ಕೇಳಿಸುತ್ತದೆ. ಹೆಗಲಿಗೆ ನೀರಿನ ಬಾಟಲಿಗಳ ಚೀಲ ನೇತುಹಾಕಿಕೊಂಡ ಹೆಂಗಸೊಬ್ಬರು ಪ್ರತಿ ತಿರುವಿನಲ್ಲೂ ತುಸು ನಿಂತು, ಉಸಿರು ಎಳೆದುಕೊಂಡು, ಮತ್ತೆ ಹತ್ತುತ್ತಾರೆ. ಬಾಗಿಲು ತಟ್ಟುವ ಮೊದಲು ಅವರು ಅಂಗೈಯನ್ನು ಬಾಗಿಲಿನ ಹಲಗೆಗೆ ಒತ್ತಿ ಹಿಡಿಯುತ್ತಾರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಆಮೇಲೆಯೇ ಬೆರಳು ಮಡಚಿ ಎರಡು ಪೆಟ್ಟು.

ಬಾಗಿಲು ತೆರೆದವರು ನಿವೃತ್ತ ಬಸ್ ಕಂಡಕ್ಟರ್. ಕಣ್ಣು ಕೆಂಪಗಿದೆ, ಬನಿಯನ್ನು ಬೆನ್ನಿಗೆ ಅಂಟಿಕೊಂಡಿದೆ.

"ರಾತ್ರಿ ನಿದ್ದೆ ಬಂತಾ?"

"ಎಲ್ಲಿಂದ ಬರುತ್ತೆ? ಹಾಸಿಗೆ ಹಂಚಿನ ಥರ ಕಾದಿತ್ತು."

"ನೀರು ಕುಡೀತಿದೀರಾ? ಉಚ್ಚೆ ಸರಿಯಾಗಿ ಹೋಗ್ತಿದೆಯಾ?"

ಕಂಡಕ್ಟರ್ ಮುಖ ಗಂಟುಹಾಕುತ್ತಾರೆ. "ಬೆಳಗ್ಗೆ ಎದ್ದ ತಕ್ಷಣ ಕೇಳೋ ಪ್ರಶ್ನೆಯಾ ಇದು?"

"ನಿಮ್ಮ ಹೆಂಡತಿ ಇದ್ದಿದ್ರೆ ಅವರನ್ನೇ ಕೇಳ್ತಿದ್ದೆ. ಇಲ್ವಲ್ಲ, ಏನು ಮಾಡೋದು? ಹತ್ತು ಗಂಟೆ ಒಳಗೆ ಬಂದುಬಿಡಿ, ಮೂಲೆಯ ಕುರ್ಚಿ ನಿಮಗೇ ಇಟ್ಟಿರ್ತೀನಿ."

"ಇವತ್ತು ಮೂವತ್ತಾರೇ ಅಂತಲ್ಲ ರೇಡಿಯೊದಲ್ಲಿ. ಹೊಗೆ ಬಂದು ತಂಪಾಗಿದೆಯಂತೆ. ನೀವ್ಯಾಕೆ ಇಷ್ಟು ಬೇಗ ಬಂದ್ರಿ?"

"ಅದಕ್ಕೇ ಬಂದೆ" ಎಂದಷ್ಟೇ ಹೇಳಿ ಅವರು ಒಂದು ಬಾಟಲಿ ಕೈಗಿಟ್ಟು ಮುಂದಿನ ಬಾಗಿಲಿಗೆ ಹೋಗುತ್ತಾರೆ. ಮೆಟ್ಟಿಲ ಕಿಟಕಿಯಾಚೆ ಸೂರ್ಯ ಹುಟ್ಟುತ್ತಿದ್ದಾನೆ. ಕಣ್ಣು ನೆಟ್ಟು ನೋಡಿದರೂ ಚುಚ್ಚುವುದಿಲ್ಲ, ತಾಮ್ರದ ಬಿಲ್ಲೆಯ ಹಾಗೆ ಮಂಕಾಗಿದ್ದಾನೆ. ದೂರದ ಗುಡ್ಡಗಳಾಚೆ ಕಾಡು ಉರಿಯುತ್ತಿದೆ. ಬೆಂಕಿ ಈ ಊರಿಗೆ ಕಾಣಿಸುವುದಿಲ್ಲ, ಸುಟ್ಟ ಎಲೆಯ ವಾಸನೆ ಮಾತ್ರ ಬಂದು ಪರದೆಗಳಲ್ಲಿ, ಒಗೆದ ಬಟ್ಟೆಗಳಲ್ಲಿ, ಕೂದಲಲ್ಲಿ ಕುಳಿತಿದೆ.

ಬೀದಿಯವರು ಇವರನ್ನು ತಂಪಕ್ಕ ಎನ್ನುತ್ತಾರೆ. ಪುರಸಭೆಯ ತಂಪುಗೃಹದ ಬಾಗಿಲು ತೆಗೆಯುವುದು, ಒರೆಸುವುದು, ಯಂತ್ರ ನಡೆಸುವುದು, ಮತ್ತೆ ಬಾಗಿಲು ಹಾಕುವುದು ಇವರ ಕೆಲಸ. ಬಿಸಿಲಿನ ಬೇಗೆ ತಾಳಲಾರದವರು, ಅಂದರೆ ತಗಡಿನ ಮಾಡಿನ ಕೆಳಗಿರುವವರು, ಮೇಲ್ಮಹಡಿಯ ಮುದುಕರು, ಬಸುರಿಯರು, ಬೀದಿಯಲ್ಲಿ ಮಾರುವವರು, ಹಗಲು ಅಲ್ಲಿ ಬಂದು ಕೂರಬಹುದು. ಬೆಳಗಿನ ಈ ಬಾಗಿಲು ತಟ್ಟುವ ಸುತ್ತು ಮಾತ್ರ ಯಾರೂ ಹೇಳಿದ ಕೆಲಸವಲ್ಲ. ಕಳೆದ ಬೇಸಿಗೆಯವರೆಗೆ ಅವರೂ ಅದನ್ನು ಮಾಡುತ್ತಿರಲಿಲ್ಲ.

"ಒಳ್ಳೆಯವಳು ಅಂತ ಬರೀಬೇಡಿ" ಎಂದು ಬರೆಯಲು ಬಂದವರಿಗೆ ಮೊದಲೇ ಕಟ್ಟಪ್ಪಣೆ ಮಾಡುತ್ತಾರೆ. "ಒಳ್ಳೆಯವಳಾಗಿದ್ರೆ ಹೋದ ವರ್ಷವೇ ಹತ್ತುತ್ತಿದ್ದೆ ಈ ಮೆಟ್ಟಿಲು."

ತಂಪುಗೃಹ ಹಿಂದೆ ಆಲೂಗಡ್ಡೆಯ ಶೀತಲ ಗೋದಾಮಾಗಿತ್ತು. ಮೊಳದಷ್ಟು ದಪ್ಪದ ಗೋಡೆ, ಒಳಗೆ ಕಾರ್ಕಿನ ಹೊದಿಕೆ, ಕಿಟಕಿಯೆಂಬುದು ಹೆಸರಿಗೂ ಇಲ್ಲ. ಎಷ್ಟು ಸುಣ್ಣ ಬಳಿದರೂ ಮೂಲೆಗಳಲ್ಲಿ ಮಣ್ಣಿನ ಹಸಿ ವಾಸನೆ ಉಳಿದೇ ಇದೆ. ತಂಪಕ್ಕ ಹದಿನೆಂಟು ತುಂಬುವ ಮೊದಲೇ ಇಲ್ಲಿ ಆಲೂಗಡ್ಡೆ ಆರಿಸುವ ಕೆಲಸಕ್ಕೆ ಸೇರಿದವರು. ಕೊಳೆತದ್ದು ಬೇರೆ, ಮೊಳೆತದ್ದು ಬೇರೆ, ಸಣ್ಣದು ಬೇರೆ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಸ್ವೆಟರ್ ಮೇಲೆ ಸ್ವೆಟರ್. ಬೆರಳುಗಳು ಬಿರಿದು ರಕ್ತ ಬರುತ್ತಿತ್ತು. ಈಗಲೂ ಬಲಗೈಯ ಎರಡು ಬೆರಳಿಗೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಹಾಗಾಗಿ ಬಾಗಿಲ ಬಿಸಿ ನೋಡುವುದು ಎಡಗೈಯಲ್ಲಿ.

"ಆಗ ಮಧ್ಯಾಹ್ನದ ಬಿಡುವಿಗೆ ಹೊರಗೆ ಓಡಿಬಂದು ಬಿಸಿಲಲ್ಲಿ ನಿಲ್ತಿದ್ವಿ, ಹಲ್ಲಿಗಳ ಥರ ಗೋಡೆಗೆ ಅಂಟಿಕೊಂಡು. ಬಿಸಿಲು ಅಂದ್ರೆ ತವರುಮನೆ ಇದ್ದಂಗೆ. ಅದು ಜನರನ್ನ ಕೊಲ್ಲುತ್ತೆ ಅಂತ ಆಗ ಯಾರಾದ್ರೂ ಹೇಳಿದ್ರೆ ನಕ್ಕುಬಿಡ್ತಿದ್ದೆ."

ಗೋದಾಮು ಮುಚ್ಚಿದ ಮೇಲೆ ಕೆಲವು ವರ್ಷ ಅವರು ಮನೆಮನೆಯ ನೆಲ ಒರೆಸಿದರು. ಗಂಡ ವೆಲ್ಡರ್. ಕಿಡಿ ನೋಡಿ ನೋಡಿ ಕಣ್ಣು ಮಂಜಾದ ಮೇಲೆ ಮನೆಯಲ್ಲೇ ಸಣ್ಣಪುಟ್ಟ ರಿಪೇರಿ ಮಾಡುತ್ತಾರೆ. ಬೇಸಿಗೆಗಳು ವರ್ಷದಿಂದ ವರ್ಷಕ್ಕೆ ಏರುತ್ತ ಬಂದಾಗ ಪುರಸಭೆಯವರಿಗೆ ಈ ಪಾಳು ಗೋದಾಮು ನೆನಪಾಯಿತು. ಬೀಗ ತೆಗೆಯಲು ಬಂದವರಿಗೆ ಬಾಗಿಲು ತೆಗೆಯಲಾಗಲಿಲ್ಲ. ಗುಂಪಿನಲ್ಲಿ ನಿಂತು ನೋಡುತ್ತಿದ್ದ ತಂಪಕ್ಕ ಮುಂದೆ ಬಂದು, ಕೆಳಗಿನ ಮೂಲೆಗೆ ಮೊಣಕಾಲಲ್ಲಿ ಒಂದು ಗುದ್ದು ಕೊಟ್ಟು, ಹಿಡಿಯನ್ನು ಮೇಲಕ್ಕೆತ್ತಿ ಎಳೆದರು. ಬಾಗಿಲು ಬಾಯಿಬಿಟ್ಟಿತು. ಅವರಿಗೆ ಕೆಲಸ ಸಿಕ್ಕಿದ್ದು ಹಾಗೆ.

ಬೇಸಿಗೆ ಜೋರಾದರೆ ದಿನಕ್ಕೆ ನೂರಕ್ಕೂ ಹೆಚ್ಚು ಜನ ಬರುತ್ತಾರೆ. ಅಷ್ಟೂ ಜನ ಕುಡಿಯುವ ನೀರು, ಎರಡು ಪಾಯಿಖಾನೆ, ಎಂದೂ ಸಾಲದ ಕುರ್ಚಿಗಳು, ಯಾವಾಗ ಮುನಿಸಿಕೊಳ್ಳುವುದೋ ತಿಳಿಯದ ಹಳೆಯ ಯಂತ್ರ. ಮಕ್ಕಳು ಕುರ್ಚಿಗಳ ನಡುವೆ ಓಡುತ್ತಾರೆ, ಮುದುಕರು ಗದರುತ್ತಾರೆ, ಯಾರೋ ಒಬ್ಬರು ಗೊರಕೆ ಹೊಡೆಯುತ್ತಾರೆ, ಇನ್ನೊಬ್ಬರು ಆ ಗೊರಕೆಯ ಬಗ್ಗೆ ತಂಪಕ್ಕನ ಬಳಿ ದೂರು ಕೊಡುತ್ತಾರೆ. ಅವರು ಎಲ್ಲರಿಗೂ ತಲೆಯಾಡಿಸುತ್ತಾ ನೆಲ ಒರೆಸುತ್ತಿರುತ್ತಾರೆ.

ಇಲ್ಲಿಗೆ ಮೊದಲ ವರ್ಷದಿಂದಲೂ ತಪ್ಪದೆ ಬರುತ್ತಿದ್ದವರಲ್ಲಿ ಪ್ರೂಫ್ ತಾತ ಒಬ್ಬರು. ಪತ್ರಿಕೆಯೊಂದರಲ್ಲಿ ಇಡೀ ಆಯುಷ್ಯ ಅಚ್ಚಿನ ತಪ್ಪು ತಿದ್ದಿದವರು, ಮದುವೆಯಾಗದವರು, ಆ ನಾಲ್ಕು ಮಹಡಿಯ ಕಟ್ಟಡದ ತುತ್ತತುದಿಯ ಒಂಟಿ ಕೋಣೆಯಲ್ಲಿ ಇರುವವರು. ಹೊರಗಿನ ಫಲಕದಲ್ಲಿ ತಂಪಕ್ಕ ಏನು ಬರೆದರೂ ತಾತ ಜೇಬಿನಿಂದ ಸೀಮೆಸುಣ್ಣ ತೆಗೆದು ತಿದ್ದಿಯೇ ಒಳಗೆ ಬರುತ್ತಿದ್ದರು. "ಶೀತಲಕ್ಕೆ ಬಾಲ ಎಲ್ಲಿ ಹೋಯ್ತಮ್ಮ? ದೀರ್ಘ ಹಾಕಿದ್ರೆ ಪುರಸಭೆಗೆ ಕರೆಂಟ್ ಬಿಲ್ಲೇನೂ ಜಾಸ್ತಿ ಬರಲ್ಲ." ಆಮೇಲೆ ಗಾಳಿ ಬರುವ ಕುರ್ಚಿ ಹಿಡಿದು ಕೂತು ಅಕ್ಕಪಕ್ಕದವರಿಗೆ ಹೇಳುವರು, "ನಾವೀಗ ಬಿತ್ತನೆ ಆಲೂಗಡ್ಡೆ. ಮುಂದಿನ ವರ್ಷಕ್ಕೆ ಕಾದಿಟ್ಟಿದ್ದಾರೆ. ಮೊಳಕೆ ಬರಬಾರದು, ಅಷ್ಟೇ."

ಇಬ್ಬರದೂ ದಿನವೂ ಜಗಳ, ದಿನವೂ ಒಟ್ಟಿಗೆ ಚಹಾ. ತಂಪಕ್ಕ ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡವರು. "ಅಪ್ಪ ಬೈಯೋದು ಹೇಗಿರುತ್ತೆ ಅಂತ ನನಗೆ ಗೊತ್ತಾಗಿದ್ದೇ ಐವತ್ತು ದಾಟಿದ ಮೇಲೆ" ಎನ್ನುತ್ತಾರೆ.

ಕಳೆದ ಬೇಸಿಗೆಯಲ್ಲಿ ಮೈಮೇಲೆ ದೇವರು ಬಂದಂತೆ ಬಿಸಿ ಏರಿತು. ವಾರಗಟ್ಟಲೆ ನಲವತ್ತೊಂದು, ನಲವತ್ತೆರಡು. ತಂಪುಗೃಹದಲ್ಲಿ ನಿಲ್ಲಲೂ ಜಾಗವಿಲ್ಲ. ತಂಪಕ್ಕನ ಕಾಲು ಬಾತು ಚಪ್ಪಲಿಯ ಪಟ್ಟಿ ಚರ್ಮಕ್ಕೆ ಇಳಿಯುತ್ತಿತ್ತು. ಅದೇ ಸಮಯಕ್ಕೆ ಗುಡ್ಡಗಳಾಚೆಯ ಕಾಡಿಗೆ ಬೆಂಕಿ ಬಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಆಕಾಶ ಹಳೆಯ ಕಾಗದದ ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನವಾದರೂ ನೆರಳುಗಳಿಗೆ ಅಂಚಿಲ್ಲ. ಹವಾಮಾನ ಕಚೇರಿಯವರು ಹೇಳಿದ್ದ ನಲವತ್ತೆರಡು ಬರಲೇ ಇಲ್ಲ, ಪಾದರಸ ಮೂವತ್ತೈದಕ್ಕೇ ನಿಂತಿತು.

ಕೆಮ್ಮುತ್ತಲೇ ಊರು ನಿಟ್ಟುಸಿರು ಬಿಟ್ಟಿತು. "ಹೊಗೆಯಾದ್ರೂ ಪರವಾಗಿಲ್ಲ, ಬಿಸಿಲಿಗೆ ಒಂದು ಪರದೆ ಬಿತ್ತಲ್ಲ" ಎಂದು ಜನ ಮಾತಾಡಿಕೊಂಡರು. ತಂಪುಗೃಹಕ್ಕೊಂದು ನಿಯಮವಿತ್ತು. ಹಗಲಿನ ಬಿಸಿ ನಲವತ್ತು ದಾಟುವ ಸೂಚನೆ ಇದ್ದರೆ ತೆರೆಯಬೇಕು, ಇಲ್ಲದಿದ್ದರೆ ಇಲ್ಲ. ವಾರ್ಡಿನ ಮೇಲ್ವಿಚಾರಕರು ಫೋನಿನಲ್ಲಿ ಎರಡು ಸಂದೇಶ ಕಳಿಸಿದರು. ಮೊದಲನೆಯದು, ಹೊಗೆ ಒಳಗೆ ಬಾರದಂತೆ ಎಲ್ಲರೂ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿಕೊಳ್ಳಿ. ಎರಡನೆಯದು, ತಂಪುಗೃಹಕ್ಕೆ ರಜೆ.

"ಆ ರಜೆ ಅನ್ನೋ ಪದ ಓದಿ ನಾನು ಎಷ್ಟು ಖುಷಿಪಟ್ಟೆ ಅಂತ ನಿಮಗೆ ಹೇಗೆ ಹೇಳಲಿ?" ಎನ್ನುತ್ತಾರೆ ತಂಪಕ್ಕ. ಮಾತಾಡುವಾಗ ಅವರು ಎದುರಿನವರ ಮುಖ ನೋಡುವುದಿಲ್ಲ, ಒರೆಸುವ ಬಟ್ಟೆಯನ್ನು ಹಿಂಡುತ್ತಲೇ ಇರುತ್ತಾರೆ. ಅದರಲ್ಲಿ ಹಿಂಡಲು ನೀರೇನೂ ಉಳಿದಿಲ್ಲ.

ಅವತ್ತು ಮಧ್ಯಾಹ್ನವೇ ಅವರು ಪ್ರೂಫ್ ತಾತನ ಕೋಣೆಗೆ ಹತ್ತಿ ಹೋದರು. ತಾತನಿಗೆ ಮೊದಲೇ ಉಬ್ಬಸ, ಹೊಗೆ ಕುಡಿದರೆ ಕಷ್ಟ ಎಂಬ ಚಿಂತೆ. ಜೊತೆಗೆ ಅಂಟುಪಟ್ಟಿಯ ದೊಡ್ಡ ಸುರುಳಿ, ಒಂದು ಕಟ್ಟು ಹಳೆಯ ಪತ್ರಿಕೆ. ಕೋಣೆಗೆ ಇದ್ದದ್ದು ಎರಡು ಕಿಟಕಿ. ಸ್ಟೂಲು ಹತ್ತಿ ಎರಡರ ಸಂದುಗಳಿಗೂ ಕಾಗದ ತುರುಕಿ, ಮೇಲೆ ಅಂಟುಪಟ್ಟಿ ಹಚ್ಚಿದರು. ಬಾಗಿಲ ಕೆಳಗಿನ ಸಂದಿಗೆ ಚಾದರ ಸುತ್ತಿಟ್ಟರು. ಬಚ್ಚಲಿನ ಗಾಳಿಗಿಂಡಿಯನ್ನೂ ಬಿಡಲಿಲ್ಲ. ತಾತ ಮಂಚದ ಮೇಲೆ ಕೂತು ನೋಡುತ್ತಿದ್ದರು.

"ಆ ಹಾಳೆ ಸ್ವಲ್ಪ ತಿರುಗಿಸಿ ಅಂಟಿಸಮ್ಮ. ತಲೆಬರಹ ಉಲ್ಟಾ ಆಗಿದೆ. ನಾನು ಮಲಗಿಕೊಂಡು ಓದೋದು ಹೇಗೆ?"

ತಂಪಕ್ಕ ಬೈದುಕೊಂಡೇ ಹಾಳೆ ಕಿತ್ತು ನೆಟ್ಟಗೆ ಅಂಟಿಸಿದರು. ಹೊರಡುವಾಗ ತಾತ ಕೇಳಿದರು, "ನಾಳೆ ತೆಗೀತೀಯಾ?"

"ಎರಡು ದಿನ ರಜೆ ತಾತ. ಹೊರಗೆ ತಂಪಾಗಿದೆಯಲ್ಲ. ನೀವೂ ಹಾಯಾಗಿ ಮಲಗಿ."

ಮರುದಿನ ಅವರು ಗಂಡನ ಜೊತೆ ಊರಾಚೆಯ ಕೆರೆಗೆ ಹೋದರು. ಬೇಸಿಗೆಯಲ್ಲಿ ಹಗಲು ಹೊತ್ತು ಇಬ್ಬರೂ ಒಟ್ಟಿಗೆ ಹೊರಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಕಿತ್ತಳೆ ಬಣ್ಣದ ಸೂರ್ಯನ ಕೆಳಗೆ ದಂಡೆಯಲ್ಲಿ ಕೂತು ಐಸ್‌ಕ್ಯಾಂಡಿ ತಿಂದರು. ಹೊಗೆಗೆ ಕಣ್ಣು ಉರಿಯುತ್ತಿತ್ತು, ಆದರೂ ನಗು. ಪಕ್ಕದಲ್ಲಿದ್ದ ಯಾರಿಂದಲೋ ಫೋಟೊ ತೆಗೆಸಿಕೊಂಡರು. ಗಂಡ ಅದನ್ನು ಬೀದಿಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, "ಇವತ್ತು ತಂಪಕ್ಕನೂ ತಂಪು" ಎಂದು ಬರೆದರು. ಇಡೀ ಬೀದಿ ಅದಕ್ಕೆ ನಗುಮುಖ ಒತ್ತಿತು. ತಾತನೂ ಒತ್ತಿದ್ದರು. ಕೆಳಗೆ ಒಂದು ಸಾಲು ಬೇರೆ: 'ತಂಪಕ್ಕನೂ ತಂಪು ಅಲ್ಲ, ತಂಪಕ್ಕನಿಗೂ ತಂಪು.'

ಸಂಜೆ ವಾಪಸು ಬರುವಾಗ ಅದೇ ಕಟ್ಟಡದ ಮುಂದೆ ಹಾದರು. ತಲೆಯೆತ್ತಿ ನೋಡಿದರೆ ತಾತನ ಕಿಟಕಿಗಳು ತಾವು ಮುಚ್ಚಿದ ಹಾಗೆಯೇ ಇದ್ದವು. "ಎಷ್ಟು ಚೆನ್ನಾಗಿ ಮುಚ್ಚಿದೀನಿ ನೋಡಿ ಅಂತ ಇವರಿಗೆ ತೋರಿಸ್ದೆ" ಎನ್ನುತ್ತಾರೆ.

ಮರುದಿನ ಬೆಳಿಗ್ಗೆ ಮೂರನೇ ಮಹಡಿಯ ದರ್ಜಿ ಹೆಂಗಸಿನ ಮನೆಯ ಚಾವಣಿಯಿಂದ ನೀರು ತೊಟ್ಟಿಕ್ಕತೊಡಗಿತು. ಆಕೆ ಮೇಲೆ ಹೋಗಿ ಬಾಗಿಲು ಬಡಿದರು. ಒಳಗೆ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು, ಯಾರೂ ಓಗೊಡಲಿಲ್ಲ. ಆಕೆ ಫೋನು ಮಾಡಿದ್ದು ತಂಪಕ್ಕನಿಗೆ. ತಾತನ ಕೋಣೆಯ ಇನ್ನೊಂದು ಬೀಗದಕೈ ಇದ್ದದ್ದು ಅವರ ಬಳಿಯೇ.

ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಡಿದದ್ದು ಒಲೆಯ ಬಾಯಿಯಂಥ ಝಳ. ಹೊರಗೆ ಮೆಟ್ಟಿಲಲ್ಲಿ ಅಂಥ ಸೆಕೆಯಿರಲಿಲ್ಲ. ವಾರಗಟ್ಟಲೆ ಕಾದ ಕಾಂಕ್ರೀಟಿನ ಮಾಡು ತನ್ನ ಬಿಸಿಯನ್ನೆಲ್ಲ ಆ ಮುಚ್ಚಿದ ಕೋಣೆಯೊಳಗೆ ಸುರಿದಿತ್ತು. ತಾತ ಬಚ್ಚಲಿನ ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಲ್ಲಿ ತಿರುಗಿಸುವಷ್ಟು ಶಕ್ತಿ ಇತ್ತು, ಅದರ ಕೆಳಗೆ ಸರಿಯುವಷ್ಟು ಇರಲಿಲ್ಲ. ಪಕ್ಕದಲ್ಲೇ ನೀರು ಹರಿಯುತ್ತಿದ್ದರೂ ಮೈ ಒಣಗಿ ಕಾದಿತ್ತು. ಕಣ್ಣು ತೆರೆದಿತ್ತು, ಗುರುತು ಹಿಡಿಯಲಿಲ್ಲ. ಏನೋ ಗೊಣಗುತ್ತಿದ್ದರು.

ದರ್ಜಿ ಹೆಂಗಸು ತಾತನ ಮೇಲೆ ನೀರು ಹೊಯ್ದರು. ತಂಪಕ್ಕ ಉಗುರಿನಿಂದ ಅಂಟುಪಟ್ಟಿ ಕೀಳತೊಡಗಿದರು. ಬರಲಿಲ್ಲ. ಅಷ್ಟು ಭದ್ರವಾಗಿ ಹಚ್ಚಿದ್ದರು. ಕೊನೆಗೆ ಲಟ್ಟಣಿಗೆಯಿಂದ ಗಾಜು ಒಡೆದರು. ಹೊರಗಿನ ಹೊಗೆ ಒಳಗೆ ನುಗ್ಗಿತು, ಅದೇ ಆಗ ತಂಗಾಳಿಯ ಹಾಗಿತ್ತು. ಆಂಬ್ಯುಲೆನ್ಸಿನವರು ಬಂದು ತಾತನನ್ನು ಒದ್ದೆ ಚಾದರದಲ್ಲಿ ಸುತ್ತಿ ನಾಲ್ಕು ಮಹಡಿ ಇಳಿಸಿದರು. ಇಳಿಸುವಾಗ ತಂಪಕ್ಕ ಹಿಂದೆ ಹಿಂದೆಯೇ ನಡೆದು, ತಾತನ ಒಂದು ಚಪ್ಪಲಿಯನ್ನು ಯಾಕೋ ಎತ್ತಿಕೊಂಡು ಹೋದರು. ಆಸ್ಪತ್ರೆಯ ಬೆಂಚಿನ ಮೇಲೆ ದಿನವಿಡೀ ಅದು ಅವರ ಮಡಿಲಲ್ಲೇ ಇತ್ತು.

ತಾತ ಬದುಕಿದರು. ಆದರೆ ಬಿಸಿ ಮೆದುಳಿಗೆ ಏರಿತ್ತು. ಮಾತು ತೊದಲುತ್ತದೆ, ಕೈ ನಡುಗುತ್ತದೆ, ನಡೆಯುವಾಗ ದೋಣಿಯಲ್ಲಿ ನಿಂತವರ ಹಾಗೆ ಓಲಾಡುತ್ತಾರೆ. ಓದು ಮಾತ್ರ ಹಾಗೆಯೇ ಇದೆ, ತಪ್ಪು ಕಣ್ಣಿಗೆ ಬೀಳುತ್ತದೆ. ತಿದ್ದಲು ಸೀಮೆಸುಣ್ಣ ಹಿಡಿದರೆ ಗೆರೆ ಎಲ್ಲಿಗೋ ಹೋಗುತ್ತದೆ.

ಹೊರಗೆ ಮೂವತ್ತೈದು ಇದ್ದ ದಿನ ಒಳಗೆ ಮನುಷ್ಯ ಬೆಂದದ್ದು ಹೇಗೆ ಎಂದು ತಂಪಕ್ಕನಿಗೆ ಅರ್ಥವಾಗಲಿಲ್ಲ. ಅವರು ಹವಾಮಾನ ಕಚೇರಿಗೇ ಹೋಗಿ ಕೇಳಿದರು. ಅಲ್ಲಿಯ ಅಧಿಕಾರಿಣಿ ಅವರನ್ನು ಕೂರಿಸಿ, ಮೇಜಿನ ಮೇಲಿದ್ದ ಲೋಟದ ಮೇಲೆ ಅಂಗೈ ಹಿಡಿದು ವಿವರಿಸಿದರು.

"ಹೊಗೆ ಬಿಸಿಲನ್ನ ಮೇಲೇ ತಡೀತು, ಕೊಡೆ ಹಿಡಿದ ಹಾಗೆ. ಅದಕ್ಕೇ ಹಗಲು ಅಷ್ಟು ಕಾಯಲಿಲ್ಲ. ಆದ್ರೆ ತಡೆದ ಬಿಸಿಲು ಆ ಹೊಗೆಯ ಪದರವನ್ನೇ ಬಿಸಿ ಮಾಡುತ್ತೆ. ಮೇಲೆ ಬಿಸಿ, ಕೆಳಗೆ ಅದಕ್ಕಿಂತ ತಣ್ಣಗಿದ್ರೆ ಕೆಳಗಿನ ಗಾಳಿ ಮೇಲೆ ಏಳಲ್ಲ. ಕೊಡೆಯೇ ಮುಚ್ಚಳ ಆಗಿಬಿಡುತ್ತೆ. ಸಂಜೆ ಬೀಸಬೇಕಾದ ಗಾಳಿ ಸತ್ತುಹೋಯ್ತು. ಆ ವಾರ ಮಳೆ ಬರಬಹುದು ಅಂತಿದ್ವಿ, ಮೋಡವೂ ಕಟ್ಟಲಿಲ್ಲ. ರಾತ್ರಿ ಹೊತ್ತು ಊರಿನ ಗೋಡೆ, ರಸ್ತೆ, ಮಾಡು ಬಿಡೋ ಶಾಖಕ್ಕೆ ಹೋಗೋಕೆ ದಾರಿ ಇರಲಿಲ್ಲ. ಹಗಲು ಕಮ್ಮಿಯಾಯ್ತು, ರಾತ್ರಿ ಕಮ್ಮಿಯಾಗಲಿಲ್ಲ. ನಾವು ಹೇಳಿದ್ದು ಹಗಲಿನದ್ದು ಮಾತ್ರ."

"ಕಿಟಕಿ ತೆಗೆದಿದ್ರೆ?"

ಅಧಿಕಾರಿಣಿ ಲೋಟದ ಮೇಲಿನ ಕೈ ತೆಗೆದರು. "ತೆಗೆದಿದ್ರೆ ಹೊಗೆ ಕುಡೀತಿದ್ರು. ಅವರಿಗೆ ಉಬ್ಬಸ ಅಂದ್ರಲ್ಲ. ಅವರು ಎರಡೂ ಇಲ್ಲದ ಜಾಗದಲ್ಲಿ ಇರಬೇಕಾಗಿತ್ತು."

ಎರಡೂ ಇಲ್ಲದ ಜಾಗ ಊರಿನಲ್ಲಿ ಒಂದೇ ಇತ್ತು. ಅದರ ಬೀಗದಕೈ ಕೆರೆಯ ದಂಡೆಯಲ್ಲಿ ತಂಪಕ್ಕನ ಸೊಂಟದಲ್ಲಿ ಸಿಕ್ಕಿಕೊಂಡಿತ್ತು.

ಬೇಸಿಗೆ ಮುಗಿದ ಮೇಲೆ ವಾರ್ಡಿನ ಸಭೆ ನಡೆಯಿತು. ಮೇಲ್ವಿಚಾರಕರು ಎದ್ದು ವರದಿ ಓದಿದರು. ಈ ವಾರ್ಡಿನಲ್ಲಿ ಬಿಸಿಲಿನಿಂದ ತೊಂದರೆಗೊಳಗಾದವರು ಒಬ್ಬರೂ ಇಲ್ಲ, ಇದಕ್ಕೆ ಕಾರಣ ನಮ್ಮ ತಂಪಕ್ಕ ಎಂದು ಮೆಚ್ಚಿ, ಗಾಜಿನದೊಂದು ಫಲಕ ಕೊಡಲು ಕರೆದರು. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ತಂಪಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೊದಲ ಸಾಲಿನಲ್ಲಿ, ಊರುಗೋಲಿನ ಮೇಲೆ ಗಲ್ಲ ಊರಿಕೊಂಡು ತಾತ ಕೂತಿದ್ದರು. ಅವರೂ ಚಪ್ಪಾಳೆ ತಟ್ಟುತ್ತಿದ್ದರು. ನಡುಗುವ ಕೈಗಳು ಒಂದಕ್ಕೊಂದು ಸಿಗುತ್ತಿರಲಿಲ್ಲ.

ತಂಪಕ್ಕ ಮುಂದೆ ಹೋದರು. ಫಲಕ ತೆಗೆದುಕೊಳ್ಳಲಿಲ್ಲ.

"ಒಬ್ಬರು ಇದ್ದಾರೆ ಸಾರ್. ಬಿಟ್ಟುಹೋಗಿದೆ."

ಮೇಲ್ವಿಚಾರಕರಿಗೆ ಗೊತ್ತಾಯಿತು. ಮೆಲ್ಲಗೆ ಹೇಳಿದರು, "ಅವತ್ತು ಮೂವತ್ತೈದೇ ಇತ್ತಲ್ಲಮ್ಮ. ಬಿಸಿಲಿನ ದಿನ ಅಂತ ಲೆಕ್ಕಕ್ಕೇ ಬರಲ್ಲ."

"ಮೂವತ್ತೈದು ಹೊರಗೆ. ಅವರಿದ್ದದ್ದು ಒಳಗೆ. ಒಳಗೆ ಹಾಕಿ ಮುಚ್ಚಿದವಳು ನಾನು. ಬಾಗಿಲು ತೆಗೀದೆ ಕೆರೆಗೆ ಹೋಗಿದ್ದೆ, ಫೋಟೊ ನೀವೆಲ್ಲ ನೋಡಿದೀರಿ. ಈ ಫಲಕವನ್ನ ನಾನು ಮನೇಲಿ ಎಲ್ಲಿಡಲಿ?"

ಚಪ್ಪಾಳೆ ನಿಂತುಹೋಗಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆ ಫೋಟೊಗೆ ನಗುಮುಖ ಒತ್ತಿದ್ದವರೆಲ್ಲ ಆ ಕೋಣೆಯಲ್ಲೇ ಇದ್ದರು. ಎಲ್ಲರೂ ಆ ಎರಡು ದಿನ ತಂಪಾಗಿದೆಯೆಂದು ಸಂತೋಷಪಟ್ಟವರೇ. ಒಬ್ಬರೂ ಮೇಲಿನ ಮಹಡಿಯನ್ನು ನೆನೆದಿರಲಿಲ್ಲ. ಕೆಳಗಿನ ಮನೆಯ ದರ್ಜಿ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡರು. ತಾತ ಏನೋ ಹೇಳಲು ಹೊರಟರು. ಮೊದಲ ಅಕ್ಷರ ಸಿಕ್ಕಿತು, ಎರಡನೆಯದು ಸಿಗಲಿಲ್ಲ. ಕೈ ಬೀಸಿ, ಬಿಡು ಎಂಬಂತೆ ತಲೆಯಾಡಿಸಿದರು.

"ಬೈದಿದ್ರೆ ತಡ್ಕೋಬಹುದಿತ್ತು" ಎನ್ನುತ್ತಾರೆ ತಂಪಕ್ಕ.

ಮಾರನೆಯ ದಿನ ಮೇಲ್ವಿಚಾರಕರು ತಂಪುಗೃಹದ ಅಂಗಳಕ್ಕೆ ಬಂದು ಬಾಗಿಲ ಬಳಿ ನಿಂತರು. ಇನ್ನೂ ಮೂವತ್ತೈದು ದಾಟದ ಪ್ರಾಯ. ತಂಪಕ್ಕ ಬೈಗುಳಕ್ಕೆ ಸಿದ್ಧರಾಗಿದ್ದರು. ಆತ ಹೇಳಿದ್ದು ಇಷ್ಟೇ. "ಕಿಟಕಿ ಮುಚ್ಚಿ, ತಂಪುಗೃಹಕ್ಕೆ ರಜೆ. ಎರಡನ್ನೂ ಒಂದರ ಹಿಂದೆ ಒಂದು ಕಳಿಸಿದವನು ನಾನು. ಕಳಿಸಿ, ಮನೆಗೆ ಹೋಗಿ, ಚೆನ್ನಾಗಿ ನಿದ್ದೆ ಮಾಡಿದೆ." ಒಳಗೆ ಕರೆದರೂ ಕೂರದೆ ಹೊರಟುಹೋದರು. ಆಮೇಲೆ ವರದಿಯಲ್ಲಿ ಸೊನ್ನೆ ಇದ್ದಲ್ಲಿ ಒಂದು ಬಂತು. ಈ ವರ್ಷದಿಂದ ಹಗಲಿನ ಬಿಸಿಯ ಜೊತೆ ರಾತ್ರಿಯ ಬಿಸಿಯನ್ನೂ ನೋಡಿ ತಂಪುಗೃಹ ತೆರೆಯುತ್ತಾರೆ. ಹೊಗೆ ಬಂದ ದಿನ ಬಿಸಿ ಎಷ್ಟೇ ಇರಲಿ, ತೆರೆಯುತ್ತಾರೆ. ಒಳಗಿನ ಗಾಳಿ ಸೋಸಲು ತಂಪಕ್ಕನ ಗಂಡ ಕಬ್ಬಿಣದ ಚೌಕಟ್ಟುಗಳನ್ನು ಬೆಸೆದು, ದೊಡ್ಡ ಫ್ಯಾನುಗಳ ಹಿಂದೆ ಫಿಲ್ಟರ್ ಹಾಳೆ ಕೂರಿಸಿ ಕೊಟ್ಟಿದ್ದಾರೆ. ವಾರ ಕಳೆಯುವಷ್ಟರಲ್ಲಿ ಆ ಬಿಳಿಯ ಹಾಳೆ ಹಂಚಿನ ತಳದ ಹಾಗೆ ಕಪ್ಪಾಗುತ್ತದೆ. "ಇದು ಅವರ ಎದೆಗೆ ಹೋಗ್ತಿತ್ತಲ್ಲ" ಎಂದು ತಂಪಕ್ಕ ಅದನ್ನು ಬದಲಿಸುವಾಗಲೆಲ್ಲ ಹೇಳುತ್ತಾರಂತೆ. ಇದನ್ನು ತಿಳಿಸಿದವರು ಗಂಡ. "ಇವಳು ಹಾಲು ಉಕ್ಕಿದ್ರೂ ತನ್ನದೇ ತಪ್ಪು ಅಂತಾಳೆ ಈಗೀಗ. ಕೆರೆಗೆ ಕರ್ಕೊಂಡು ಹೋದವನು ನಾನು, ಫೋಟೊ ಹಾಕಿದವನು ನಾನು. ನನ್ನ ಪಾಲನ್ನೂ ನನಗೆ ಬಿಟ್ಟುಕೊಡಲ್ಲ."

ತಾತನನ್ನು ಕರೆತರಲು ಈಗ ಗಾಲಿಯ ಕುರ್ಚಿಯಿದೆ. ಮೆಟ್ಟಿಲು ಇಳಿಸಲು ಮಾತ್ರ ಇಬ್ಬರು ಬೇಕು. ಬೆಳಗಿನ ಸುತ್ತಿನ ಕೊನೆಯಲ್ಲಿ ತಂಪಕ್ಕ ನಾಲ್ಕನೇ ಮಹಡಿಗೆ ಬರುತ್ತಾರೆ, ಕಂಡಕ್ಟರ್ ಬನಿಯನ್ನು ಬದಲಿಸಿ ಮೇಲೆ ಬಂದು ಇನ್ನೊಂದು ತೋಳು ಹಿಡಿಯುತ್ತಾರೆ. "ರೈಟ್, ರೈಟ್" ಎಂದು ಹಳೆಯ ಅಭ್ಯಾಸದಲ್ಲಿ ಹೇಳುತ್ತಾ ಒಂದೊಂದೇ ಮೆಟ್ಟಿಲು ಇಳಿಸುತ್ತಾರೆ. ತಾತ ನಗುತ್ತಾರೆ, ಅರ್ಧ ಬಾಯಲ್ಲಿ. ತಾತನ ಕಿಟಕಿಗಳ ಗಾಜು ಹೊಸದು. ಚೌಕಟ್ಟಿನ ಮೇಲೆ ಅಂಟುಪಟ್ಟಿಯ ಕಂದು ಗುರುತು ಉಳಿದಿದೆ. ತಂಪಕ್ಕ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗಿಲ್ಲವಂತೆ. ತಾತನ ಕೋಣೆಗೆ ಹೋದಾಗ ಅವರು ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಾರೆ.

ಫೋಟೊ ಬೇಕೆಂದರೆ ತಂಪುಗೃಹದ್ದು ತೆಗೆದುಕೊಳ್ಳಿ ಎನ್ನುತ್ತಾರೆ. ತಮ್ಮದು ಬೇಡ. ಕೆರೆ ದಂಡೆಯ ಆ ಒಂದಾದ ಮೇಲೆ ಅವರು ಯಾವ ಫೋಟೊಗೂ ನಿಂತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಡ್ಡಗಳ ಕಡೆಯಿಂದ ಹೊಗೆ ಇನ್ನಷ್ಟು ದಟ್ಟವಾಗಿ ಬರುತ್ತದೆ. ಬೀದಿಯ ಬೆಳಕು ಜೇನಿನ ಬಣ್ಣಕ್ಕೆ ಇಳಿಯುತ್ತದೆ. ಒಳಗೆ ಕುರ್ಚಿಗಳೆಲ್ಲ ತುಂಬಿವೆ. ಕಂಡಕ್ಟರ್ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ, ತಾತ ಪಕ್ಕದವರ ಪತ್ರಿಕೆಗೆ ಕತ್ತು ಚಾಚಿ ಓದುತ್ತಿದ್ದಾರೆ. ನೀರಿನ ಡಬ್ಬಿ ಎತ್ತಿಕೊಳ್ಳಲು ತಂಪಕ್ಕ ಅಂಗಳಕ್ಕೆ ಬರುತ್ತಾರೆ. ಇಷ್ಟು ಹೊತ್ತು ಸುಡುತ್ತಿದ್ದ ನೆಲ ಸ್ವಲ್ಪ ಆರಿದೆ. ಎದುರಿನ ಅಂಗಡಿಯವರು ಹೊರಗೆ ಬಂದು ಮೈಮುರಿದು, "ಅಬ್ಬ, ಈಗ ಹಾಯೆನಿಸ್ತು ನೋಡಿ ಅಕ್ಕಾ" ಎನ್ನುತ್ತಾರೆ.

ತಂಪಕ್ಕ ಎತ್ತಿದ ಡಬ್ಬಿಯನ್ನು ನೆಲಕ್ಕಿಟ್ಟು, ತುಸು ಹೊತ್ತು ಹಾಗೆಯೇ ನಿಲ್ಲುತ್ತಾರೆ. ಬೆವರಿದ ಕತ್ತಿನ ಮೇಲೆ ಬಿಸಿಲು ಸಡಿಲವಾಗುತ್ತದೆ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಅದು ಗೊತ್ತಾದ ಕೂಡಲೇ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಕಣ್ಣು ತೆರೆದು, ಡಬ್ಬಿ ಎತ್ತಿಕೊಳ್ಳುತ್ತಾರೆ.

"ನೋಡಿದ್ರಲ್ಲ" ಎನ್ನುತ್ತಾರೆ. "ಇಷ್ಟಾದ್ಮೇಲೂ ಹಿತವಾಗೇ ಇದೆ. ಎಲ್ಲೋ ಕಾಡು ಸುಟ್ಟು, ಯಾರ ಮನೆಯೋ ಸುಟ್ಟು ಬಂದ ನೆರಳು ಇದು ಅಂತ ತಲೆಗೆ ಗೊತ್ತು. ಕತ್ತಿಗೆ ಗೊತ್ತಿಲ್ಲ. ನನಗೆ ಬೇರೇನೂ ಆಸೆ ಇಲ್ಲ. ಒಂದು ಸಲ, ಒಂದೇ ಸಲವಾದ್ರೂ, ಹಿತ ಅನ್ನಿಸೋಕೆ ಮುಂಚೆ ಆ ಮೇಲಿನ ಕೋಣೆ ನೆನಪಾಗಬೇಕು."

ಬಾಗಿಲ ಕೆಳಗಿನ ಮೂಲೆಗೆ ಮೊಣಕಾಲಲ್ಲಿ ಒಂದು ಗುದ್ದು ಕೊಟ್ಟು, ನೀರು ಹೊತ್ತುಕೊಂಡು ಅವರು ಒಳಗೆ ಹೋಗುತ್ತಾರೆ.